ತೂಕ ಇಳಿಕೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಮಹಿಳೆಯರಲ್ಲಿ ಋತುಬಂಧದ ಕಾಲದ ತೂಕ ಏರಿಕೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಅತಿಯಾದ ದೇಹತೂಕದ ಕಾರಣದಿಂದ ಜಠರದ ಶಸ್ತ್ರಚಿಕಿತ್ಸೆಗೆ ಒಳಗಾದವರ ತೂಕವು ಮೊದಲ ಒಂದೆರಡು ವರ್ಷಗಳಲ್ಲಿ ಗಣನೀಯವಾಗಿ ಇಳಿಯುತ್ತದೆ. ಅನಂತರದ ವರ್ಷಗಳಲ್ಲಿ ಇಳಿದ ತೂಕದ ಒಂದು ಭಾಗವು ಹಲವರಲ್ಲಿ ಮರಳುವುದು ಕಂಡುಬರುತ್ತದೆ. ಶಸ್ತ್ರಚಿಕಿತ್ಸೆಗೆ ಒಳಗಾಗುವವರಲ್ಲಿ ಮಹಿಳೆಯರೇ ಹೆಚ್ಚಿನ ಸಂಖ್ಯೆಯಲ್ಲಿದ್ದಾರೆ. ಮೂವತ್ತು ನಲವತ್ತರ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಹಿಳೆಯು ಎಂಟು ಹತ್ತು ವರ್ಷಗಳ ನಂತರ ಋತುಬಂಧದ ಕಾಲವನ್ನು ಪ್ರವೇಶಿಸುವುದರಿಂದ, ತೂಕ ಮರಳುವ ಅವಧಿ ಮತ್ತು ಮುಟ್ಟು ನಿಲ್ಲುವ ಅವಧಿ ಎರಡೂ ಒಂದೇ ಸಮಯಕ್ಕೆ ಕೂಡಿಬರುತ್ತವೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 30.1ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜನ್ನು ಹೊಂದಿದ್ದರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 23.3 ಇತ್ತು. ಬೊಜ್ಜು ಕೇವಲ ನಗರವಾಸಿಗಳ ಸಮಸ್ಯೆಯಾಗಿ ಉಳಿದಿಲ್ಲ. ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಚಿಕ್ಕನರಗುಂದದಂತಹ ಗ್ರಾಮದ ಮಹಿಳೆಯು ಈ ಶಸ್ತ್ರಚಿಕಿತ್ಸೆಗಾಗಿ ದೊಡ್ಡ ನಗರಕ್ಕೆ ಹೋಗಬೇಕಾಗುತ್ತದೆ. ಶಸ್ತ್ರಚಿಕಿತ್ಸೆಗೆ ಒಮ್ಮೆ ಹೋಗಿಬರುವುದು ಸಾಧ್ಯವಾದರೂ, ವರ್ಷ ವರ್ಷವೂ ತಪಾಸಣೆಗೆ ಹೋಗುವುದು ಖರ್ಚು, ದೂರ ಮತ್ತು ಮನೆಗೆಲಸಗಳ ಕಾರಣದಿಂದ ತಪ್ಪಿಹೋಗುವ ಸಂಭವವಿದೆ. ತೂಕ ಮರಳಿದಾಗ ‘ಇಷ್ಟು ಹಣ ಸುರಿದೂ ಉಳಿಸಿಕೊಳ್ಳಲಿಲ್ಲ’ ಎಂಬ ಮಾತಿಗೆ ಅಂಜಿ ವೈದ್ಯರ ಬಳಿಗೆ ಹೋಗದೆ ಉಳಿಯುವುದೂ ಉಂಟು. ಹೀಗೆ ತಪಾಸಣೆ ತಪ್ಪಿದಲ್ಲಿ ತೂಕಕ್ಕಿಂತಲೂ ಹೆಚ್ಚಿನ ಅಪಾಯವು ಮೂಳೆ, ರಕ್ತ ಮತ್ತು ನರಗಳಿಗೆ ಉಂಟಾಗುತ್ತದೆ.

ಈ ಹಿನ್ನೆಲೆಯಲ್ಲಿ ಮಹಿಳೆಯರು ಹಾಗೂ ಅವರ ಕುಟುಂಬದವರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ತೂಕ ಇಳಿಕೆಯ ಶಸ್ತ್ರಚಿಕಿತ್ಸೆ ಎಂದರೇನು?

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎಂದು ಕರೆಯಲಾಗುವ ಈ ಚಿಕಿತ್ಸೆಯಲ್ಲಿ ಪ್ರಮುಖವಾಗಿ ಎರಡು ವಿಧಾನಗಳು ಬಳಕೆಯಲ್ಲಿವೆ.

ಅ) ಸ್ಲೀವ್ ವಿಧಾನ: ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದುಹಾಕಿ ಉಳಿದ ಭಾಗವನ್ನು ಕೊಳವೆಯ ಆಕಾರದಲ್ಲಿ ಉಳಿಸಲಾಗುತ್ತದೆ. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವ ಭಾಗವೂ ಇದರಲ್ಲಿ ಹೋಗುವುದರಿಂದ ಹಸಿವು ಕಡಿಮೆಯಾಗುತ್ತದೆ.

ಆ) ಗ್ಯಾಸ್ಟ್ರಿಕ್ ಬೈಪಾಸ್ ವಿಧಾನ: ಜಠರದ ಮೇಲ್ಭಾಗದಲ್ಲಿ ಚಿಕ್ಕ ಚೀಲವನ್ನು ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸಲಾಗುತ್ತದೆ. ಆಹಾರವು ಕರುಳಿನ ಮೊದಲ ಭಾಗವನ್ನು ಹಾಯದೆ ಹೋಗುವುದರಿಂದ ಕಬ್ಬಿಣ, ಕ್ಯಾಲ್ಸಿಯಂ ಮತ್ತು ಜೀವಸತ್ವಗಳ ಹೀರುವಿಕೆ ಕಡಿಮೆಯಾಗುತ್ತದೆ. ಈ ವಿಧಾನವನ್ನು 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಅವರು ಮೊದಲಿಗೆ ಕೈಗೊಂಡರು.

ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಎಂಬ ಸೌಂದರ್ಯ ಚಿಕಿತ್ಸೆಯು ಇದಕ್ಕಿಂತ ಸಂಪೂರ್ಣವಾಗಿ ಭಿನ್ನವಾದದ್ದು. ಅದು ಬೊಜ್ಜಿನ ಚಿಕಿತ್ಸೆಯಲ್ಲ. ಮರಳಿದ ತೂಕವನ್ನು ಇಳಿಸಲು ಅದನ್ನು ಮಾಡಿಸಿಕೊಳ್ಳುವುದು ಸರಿಯಾದ ಕ್ರಮವಲ್ಲ.

3. ಋತುಬಂಧ ಎಂದರೇನು?

ಗರ್ಭಧಾರಣೆ ಅಥವಾ ಇನ್ನಾವುದೇ ಕಾರಣವಿಲ್ಲದೆ ಸತತವಾಗಿ 12 ತಿಂಗಳು ಮುಟ್ಟು ಬಾರದೆ ಇದ್ದಲ್ಲಿ ಅದನ್ನು ಋತುಬಂಧ ಎಂದು ಪರಿಗಣಿಸಲಾಗುತ್ತದೆ. ಭಾರತೀಯ ಮಹಿಳೆಯರಲ್ಲಿ ಇದು ಸರಾಸರಿ 46-47ನೇ ವಯಸ್ಸಿನಲ್ಲಿ ಉಂಟಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಈ ವಯಸ್ಸು ಸುಮಾರು 51 ಆಗಿರುತ್ತದೆ. ಮುಟ್ಟು ಏರುಪೇರಾಗುವ ಪೂರ್ವಾವಧಿಯು ಇದಕ್ಕೂ ಕೆಲವು ವರ್ಷಗಳ ಮೊದಲೇ ಆರಂಭವಾಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಎರಡೂ ಅಂಡಾಶಯಗಳನ್ನು ತೆಗೆದಿದ್ದಲ್ಲಿ ವಯಸ್ಸು ಎಷ್ಟೇ ಇರಲಿ, ಋತುಬಂಧವು ಒಮ್ಮೆಲೇ ಉಂಟಾಗುತ್ತದೆ. ಕೇವಲ ಗರ್ಭಕೋಶವನ್ನು ತೆಗೆದವರಲ್ಲಿ ಮುಟ್ಟು ನಿಂತರೂ ಅಂಡಾಶಯಗಳು ಕೆಲಸ ಮಾಡುತ್ತಿರುವುದರಿಂದ, ಋತುಬಂಧದ ಆರಂಭವನ್ನು ಮುಟ್ಟಿನಿಂದ ಗುರುತಿಸಲು ಬರುವುದಿಲ್ಲ. ಆದುದರಿಂದ ಗರ್ಭಕೋಶದ ಶಸ್ತ್ರಚಿಕಿತ್ಸೆ ಆಗಿರುವವರು ಅಂಡಾಶಯಗಳನ್ನೂ ತೆಗೆಯಲಾಗಿದೆಯೇ ಎಂಬುದನ್ನು ತಮ್ಮ ಆಸ್ಪತ್ರೆಯ ಬಿಡುಗಡೆ ಪತ್ರದಿಂದ ಖಚಿತಪಡಿಸಿಕೊಳ್ಳುವುದು ಸೂಕ್ತ.

4. ತೂಕ ಮರಳಲು ಕಾರಣಗಳು

ತೂಕ ಮರಳುವುದಕ್ಕೆ ಒಂದೇ ಕಾರಣವಿರುವುದಿಲ್ಲ. ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಹೀಗಿವೆ.

1) ದೇಹದ ಹೊಂದಾಣಿಕೆ: ತೂಕ ಇಳಿದ ದೇಹವು ಕಡಿಮೆ ಶಕ್ತಿಯಲ್ಲಿ ನಡೆಯಲು ಹೊಂದಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಹಸಿವು ಭಾಗಶಃ ಮರಳುತ್ತದೆ ಮತ್ತು ಒಮ್ಮೆಗೆ ತಿನ್ನಲು ಸಾಧ್ಯವಾಗುವ ಆಹಾರದ ಪ್ರಮಾಣವೂ ಹೆಚ್ಚುತ್ತದೆ.

2) ವಯಸ್ಸು: ವಯಸ್ಸಾದಂತೆ ಸ್ನಾಯುಗಳು ಕ್ಷೀಣಿಸುತ್ತವೆ. ಶಸ್ತ್ರಚಿಕಿತ್ಸೆಯ ನಂತರದ ತೂಕ ಇಳಿಕೆಯಲ್ಲಿಯೂ ಕೊಬ್ಬಿನೊಡನೆ ಸ್ನಾಯುವಿನ ಒಂದು ಭಾಗ ಹೋಗಿರುತ್ತದೆ. ಸ್ನಾಯು ಕಡಿಮೆಯಾದಷ್ಟೂ ದೇಹವು ದಿನವಹಿ ವ್ಯಯಿಸುವ ಶಕ್ತಿ ಕಡಿಮೆಯಾಗುತ್ತದೆ.

3) ಈಸ್ಟ್ರೋಜನ್ ಇಳಿಕೆ: 1996ರಿಂದ ಅಮೆರಿಕದಲ್ಲಿ ನಡೆದಿರುವ ಸ್ವಾನ್ ಎಂಬ ದೀರ್ಘಕಾಲಿಕ ಮಹಿಳಾ ಆರೋಗ್ಯ ಅಧ್ಯಯನದಲ್ಲಿ, ಋತುಬಂಧದ ಪೂರ್ವಾವಧಿ ಆರಂಭವಾದ ಕೂಡಲೇ ಕೊಬ್ಬು ಸೇರುವ ವೇಗವು ಸರಿಸುಮಾರು ಇಮ್ಮಡಿಯಾಗುವುದು ಮತ್ತು ಸ್ನಾಯುಭಾಗ ಕಡಿಮೆಯಾಗಲು ತೊಡಗುವುದು ಕಂಡುಬಂದಿದೆ. ಕೊನೆಯ ಮುಟ್ಟಿನ ನಂತರ ಸುಮಾರು ಎರಡು ವರ್ಷಗಳವರೆಗೆ ಇದು ಮುಂದುವರಿದು ಬಳಿಕ ನಿಲ್ಲುತ್ತದೆ. ಮೊದಲು ಸೊಂಟ ಮತ್ತು ತೊಡೆಗಳಲ್ಲಿ ಸೇರುತ್ತಿದ್ದ ಕೊಬ್ಬು ಈ ಕಾಲದಲ್ಲಿ ಹೊಟ್ಟೆಯ ಒಳಭಾಗದಲ್ಲಿ ಸೇರುತ್ತದೆ.

4) ನಿದ್ರೆಯ ಕೊರತೆ: ರಾತ್ರಿ ಮೈ ಬಿಸಿಯೇರಿ ಬೆವರುವುದರಿಂದ ನಿದ್ರೆ ಕೆಡುತ್ತದೆ. ನಿದ್ರೆ ಕಡಿಮೆಯಾದಾಗ ಹಸಿವು ಮತ್ತು ಸಿಹಿಯ ಆಸೆ ಹೆಚ್ಚುತ್ತವೆ. ಗೊರಕೆಯೊಡನೆ ಉಸಿರು ತಡೆಯುವ ತೊಂದರೆಯೂ ಈ ವಯಸ್ಸಿನಲ್ಲಿ ಹೆಚ್ಚಾಗುತ್ತದೆ.

5) ಆಹಾರದ ಬದಲಾವಣೆ: ಒಣ ರೊಟ್ಟಿ, ಕಾಳು ಪಲ್ಯ ನುಂಗಲು ಕಷ್ಟವೆನಿಸಿ ಸುಲಭವಾಗಿ ಇಳಿಯುವ ಮೆತ್ತನೆಯ ಪದಾರ್ಥಗಳಿಗೆ ಒಗ್ಗಿಕೊಳ್ಳುವುದು. ಇದನ್ನು ಕಂಡಿಕೆ 7ರಲ್ಲಿ ವಿವರಿಸಲಾಗಿದೆ.

6) ಇತರೆ ರೋಗ ಮತ್ತು ಔಷಧಗಳು: ಥೈರಾಯ್ಡ್ ಕೊರತೆ, ಖಿನ್ನತೆ, ಮಂಡಿನೋವಿನಿಂದ ಓಡಾಟ ಕುಗ್ಗುವುದು, ಸ್ಟಿರಾಯ್ಡ್, ಇನ್ಸುಲಿನ್ ಹಾಗೂ ಕೆಲವು ಮನೋರೋಗ ಔಷಧಗಳು.

7) ಶಸ್ತ್ರಚಿಕಿತ್ಸೆಯ ಭಾಗದಲ್ಲಿನ ಬದಲಾವಣೆ: ಜಠರದ ಚೀಲ ಅಥವಾ ಅದರ ಜೋಡಣೆಯ ಬಾಯಿ ಹಿಗ್ಗುವುದು. ಇದನ್ನು ಎಂಡೋಸ್ಕೋಪಿ ಅಥವಾ ಕ್ಷಕಿರಣ ಪರೀಕ್ಷೆಯಿಂದ ಮಾತ್ರ ತಿಳಿಯಬಹುದಾಗಿದೆ.

ಮೇಲ್ಕಂಡ ಏಳು ಕಾರಣಗಳಲ್ಲಿ ಮಹಿಳೆಯ ಸ್ವಂತ ಹತೋಟಿಯಲ್ಲಿರುವುದು ಕೆಲವು ಮಾತ್ರ ಎಂಬುದನ್ನು ಕುಟುಂಬದವರು ಗಮನಿಸತಕ್ಕದ್ದು.

5. ಮರಳಿದ ತೂಕವನ್ನು ಲೆಕ್ಕ ಹಾಕುವ ಕ್ರಮ

ಎಷ್ಟು ತೂಕ ಮರಳಿದರೆ ಅದನ್ನು ಸಮಸ್ಯೆಯೆಂದು ಪರಿಗಣಿಸಬೇಕೆಂಬ ಬಗ್ಗೆ ಸರ್ವಸಮ್ಮತವಾದ ಒಂದೇ ಅಳತೆ ಇಲ್ಲ. ಇಳಿದ ತೂಕದ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಮರಳುವುದು, ಅಥವಾ ಅತಿ ಕಡಿಮೆ ಇದ್ದ ತೂಕಕ್ಕಿಂತ ಶೇ. 10ರಷ್ಟು ಹೆಚ್ಚುವುದು ಇವು ಸಾಮಾನ್ಯವಾಗಿ ಬಳಕೆಯಲ್ಲಿರುವ ಅಳತೆಗಳು. ಲೆಕ್ಕದ ಕ್ರಮವನ್ನು ತಿಳಿಯಲು ಒಂದು ಕಾಲ್ಪನಿಕ ಉದಾಹರಣೆಯನ್ನು ಕೊಡಲಾಗಿದೆ.

ಚಿಕ್ಕನರಗುಂದದ 48 ವರ್ಷದ ಒಬ್ಬ ಮಹಿಳೆಗೆ 38ನೇ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಆಗಿದೆಯೆಂದು ಭಾವಿಸೋಣ.

ಶಸ್ತ್ರಚಿಕಿತ್ಸೆಗೆ ಮುಂಚಿನ ತೂಕ: 108 ಕೆ.ಜಿ.
ನಂತರ ತಲುಪಿದ ಅತಿ ಕಡಿಮೆ ತೂಕ: 72 ಕೆ.ಜಿ.
ಒಟ್ಟು ಇಳಿಕೆ: 36 ಕೆ.ಜಿ.
ಈಗಿನ ತೂಕ: 80 ಕೆ.ಜಿ.
ಮರಳಿದ ತೂಕ: 8 ಕೆ.ಜಿ.
ಇಳಿದ ತೂಕದಲ್ಲಿ ಮರಳಿದ ಪ್ರಮಾಣ: ಸುಮಾರು ಶೇ. 22
ಅತಿ ಕಡಿಮೆ ತೂಕದ ಮೇಲೆ ಏರಿಕೆ: ಸುಮಾರು ಶೇ. 11
ಮೂಲ ತೂಕಕ್ಕೆ ಹೋಲಿಸಿದಲ್ಲಿ ಉಳಿದಿರುವ ನಿವ್ವಳ ಇಳಿಕೆ: 28 ಕೆ.ಜಿ., ಅಂದರೆ ಸುಮಾರು ಶೇ. 26

ಈ ಲೆಕ್ಕದ ಕೊನೆಯ ಸಾಲನ್ನು ವಿಶೇಷವಾಗಿ ಗಮನಿಸಬೇಕು. 1987ರಲ್ಲಿ ಆರಂಭವಾದ ಸ್ವೀಡನ್ ದೇಶದ ಬೊಜ್ಜು ಅಧ್ಯಯನದ 2007ರ ವರದಿಯಂತೆ, ಗ್ಯಾಸ್ಟ್ರಿಕ್ ಬೈಪಾಸ್ ಆದವರಲ್ಲಿ ಮೊದಲ ಒಂದೆರಡು ವರ್ಷಗಳಲ್ಲಿ ಗರಿಷ್ಠ ಸರಾಸರಿ ಇಳಿಕೆ ಶೇ. 32 ಇದ್ದು, ಹತ್ತು ವರ್ಷಗಳ ನಂತರ ಅದು ಶೇ. 25ಕ್ಕೆ ಬಂದಿತ್ತು. ಅದೇ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಮರಣದ ಪ್ರಮಾಣವು ಒಳಗಾಗದವರಿಗಿಂತ ಕಡಿಮೆ ಇದ್ದುದು ದೃಢಪಟ್ಟಿತು. ಅಂದರೆ ಒಂದಷ್ಟು ತೂಕ ಮರಳಿದ ಮೇಲೂ ಶಸ್ತ್ರಚಿಕಿತ್ಸೆಯ ಪ್ರಯೋಜನ ಉಳಿದಿರುತ್ತದೆ. ಮೇಲಿನ ಉದಾಹರಣೆಯ ಮಹಿಳೆಯು ತನ್ನ ಶಸ್ತ್ರಚಿಕಿತ್ಸೆ ವಿಫಲವಾಯಿತೆಂದು ತಿಳಿಯಬೇಕಾದ ಕಾರಣವಿಲ್ಲ. ಆದರೆ ಏರಿಕೆಯು ಅಲ್ಲಿಗೇ ನಿಲ್ಲುವಂತೆ ಕ್ರಮ ಕೈಗೊಳ್ಳಲು ಅದು ಸಕಾಲವಾಗಿದೆ.

ತೂಕದೊಡನೆ ಸೊಂಟದ ಸುತ್ತಳತೆಯನ್ನೂ ದಾಖಲಿಸುವುದು ಅವಶ್ಯ. ಭಾರತೀಯ ಮಹಿಳೆಯರಲ್ಲಿ ಇದು 80 ಸೆಂ.ಮೀ.ಗಿಂತ ಕಡಿಮೆ ಇರುವುದು ಉತ್ತಮ. ವಾರಕ್ಕೆ ಒಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ಆಹಾರಕ್ಕೆ ಮೊದಲು ತೂಕ ನೋಡಿ ಪುಸ್ತಕದಲ್ಲಿ ಬರೆದಿಡುವುದು ಸಾಕಾಗುತ್ತದೆ. ದಿನಕ್ಕೆ ಎರಡು ಮೂರು ಬಾರಿ ತೂಕ ನೋಡುವುದರಿಂದ ಆತಂಕ ಹೆಚ್ಚುವುದೇ ಹೊರತು ಪ್ರಯೋಜನವಿಲ್ಲ.

6. ತಪ್ಪಾಗಿ ತಿಳಿಯಬಹುದಾದ ಲಕ್ಷಣಗಳು

ಋತುಬಂಧದ ಮತ್ತು ಶಸ್ತ್ರಚಿಕಿತ್ಸೆಯ ಪರಿಣಾಮಗಳಲ್ಲಿ ಕೆಲವು ಒಂದೇ ರೀತಿ ಕಾಣುತ್ತವೆ. ಅವುಗಳನ್ನು ಬೇರ್ಪಡಿಸಿ ತಿಳಿಯುವುದು ಚಿಕಿತ್ಸೆಗೆ ಅತ್ಯಗತ್ಯ.

ಅ) ಬೆವರು ಮತ್ತು ಎದೆಬಡಿತ: ಋತುಬಂಧದ ಬಿಸಿಯೇರಿಕೆಯು ಎದೆ ಮತ್ತು ಮುಖದಲ್ಲಿ ಆರಂಭವಾಗಿ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಅದಕ್ಕೂ ಊಟಕ್ಕೂ ನೇರ ಸಂಬಂಧವಿರುವುದಿಲ್ಲ. ಆದರೆ ಸಿಹಿ ಅಥವಾ ಅನ್ನದಂತಹ ಆಹಾರ ಸೇವಿಸಿದ ಒಂದರಿಂದ ಮೂರು ಗಂಟೆಗಳ ನಂತರ ಬೆವರು, ನಡುಕ, ಕಣ್ಣು ಮಂಜಾಗುವುದು, ವಿಪರೀತ ಹಸಿವು ಕಂಡುಬಂದಲ್ಲಿ ಅದು ರಕ್ತದಲ್ಲಿ ಸಕ್ಕರೆ ಅಂಶ ಕುಸಿದುದರ ಸೂಚನೆಯಾಗಿರಬಹುದು. ಬೈಪಾಸ್ ಆದವರಲ್ಲಿ ಇದು ವರ್ಷಗಳ ನಂತರವೂ ಉಂಟಾಗಬಹುದು. ಅಂತಹ ಸಮಯದಲ್ಲಿ ಗ್ಲುಕೋಮೀಟರ್‌ನಿಂದ ಪರೀಕ್ಷಿಸಿ ಪ್ರಮಾಣವನ್ನು ಬರೆದಿಟ್ಟು ವೈದ್ಯರಿಗೆ ತೋರಿಸತಕ್ಕದ್ದು. 70 ಮಿ.ಗ್ರಾಂ.ಗಿಂತ ಕಡಿಮೆ ಇದ್ದಲ್ಲಿ ಕೂಡಲೇ ಸ್ವಲ್ಪ ಸಕ್ಕರೆ ನೀರು ಸೇವಿಸಿ, ಬಳಿಕ ಕಾಳು, ಮೊಸರು ಅಥವಾ ಶೇಂಗಾದಂತಹ ಪ್ರೋಟೀನ್ ಆಹಾರ ತೆಗೆದುಕೊಳ್ಳಬೇಕು. ಇದನ್ನು ಬಿಸಿಯೇರಿಕೆಯೆಂದೇ ಭಾವಿಸಿ ಮತ್ತೆ ಮತ್ತೆ ಸಿಹಿ ತಿನ್ನುತ್ತಾ ಹೋದಲ್ಲಿ ಕುಸಿತವು ಮರುಕಳಿಸಿ ತೂಕವೂ ಏರುತ್ತದೆ.

ಆ) ಆಯಾಸ ಮತ್ತು ಕೂದಲು ಉದುರುವಿಕೆ: ಇವು ವಯಸ್ಸಿನ ಪರಿಣಾಮವೆಂದು ಬಿಡುವಂತಿಲ್ಲ. ಕಬ್ಬಿಣ, ಬಿ-12, ಪ್ರೋಟೀನ್ ಅಥವಾ ಥೈರಾಯ್ಡ್ ಕೊರತೆಯಿಂದಲೂ ಉಂಟಾಗುತ್ತವೆ.

ಇ) ಕೈಕಾಲು ಜೋಮು ಮತ್ತು ಮರೆವು: ಬಿ-12 ಕೊರತೆಯನ್ನು ಪರೀಕ್ಷಿಸಬೇಕು. ತಡವಾದಲ್ಲಿ ನರಗಳ ಹಾನಿ ಶಾಶ್ವತವಾಗಬಹುದು.

ಈ) ಮುಟ್ಟು ತಪ್ಪುವುದು: ಋತುಬಂಧ ಪೂರ್ಣವಾಗುವವರೆಗೆ ಗರ್ಭಧಾರಣೆಯ ಸಾಧ್ಯತೆ ಇದ್ದೇ ಇರುತ್ತದೆ. ಹೊಟ್ಟೆ ದಪ್ಪವಾಗಿ ಮುಟ್ಟು ತಪ್ಪಿದಾಗ ಮೊದಲು ಗರ್ಭ ಪರೀಕ್ಷೆ ಮಾಡಿಸುವುದು ಸೂಕ್ತ.

ಉ) ಮುಟ್ಟು ನಿಂತು ಒಂದು ವರ್ಷದ ಮೇಲೆ ರಕ್ತಸ್ರಾವ: ಒಂದೇ ಒಂದು ಬಾರಿ, ಸ್ವಲ್ಪವೇ ಕಂಡರೂ ಸ್ತ್ರೀರೋಗ ತಜ್ಞರ ಪರೀಕ್ಷೆ ಕಡ್ಡಾಯ. ಅಧಿಕ ತೂಕವಿರುವ ಮಹಿಳೆಯರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಸಂಭವ ಹೆಚ್ಚು.

7. ಆಹಾರ ಕ್ರಮ

ಈ ಹಂತದಲ್ಲಿ ಆಹಾರದ ಉದ್ದೇಶವು ಹೊಟ್ಟೆಯನ್ನು ಖಾಲಿ ಇಡುವುದಲ್ಲ. ಸ್ನಾಯುವನ್ನು ಉಳಿಸಿಕೊಂಡು ಕೊಬ್ಬನ್ನು ಕಡಿಮೆ ಮಾಡುವುದೇ ಉದ್ದೇಶ. ಇದಕ್ಕಾಗಿ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಅವಶ್ಯಕ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರು ಸೂಚಿಸಿದ ಪ್ರಮಾಣವನ್ನು ಅನುಸರಿಸತಕ್ಕದ್ದು. ನರಗುಂದ ಭಾಗದಲ್ಲಿ ಬೆಳೆಯುವ ಹಾಗೂ ಮನೆಗಳಲ್ಲಿ ದೊರೆಯುವ ಪದಾರ್ಥಗಳಿಂದಲೇ ಇದನ್ನು ಪೂರೈಸಬಹುದಾಗಿದೆ. ಒಂದು ದಿನದ ಅಂದಾಜು ಲೆಕ್ಕ ಹೀಗಿದೆ.

ಜೋಳದ ರೊಟ್ಟಿ 2 (ಹಿಟ್ಟು 100 ಗ್ರಾಂ): 10 ಗ್ರಾಂ
ಹೆಸರು ಅಥವಾ ಮಡಕಿ ಕಾಳು 50 ಗ್ರಾಂ: 11 ಗ್ರಾಂ
ತೊಗರಿ ಬೇಳೆ 25 ಗ್ರಾಂ: 5 ಗ್ರಾಂ
ಹಾಲು ಮತ್ತು ಮೊಸರು ಒಟ್ಟು 400 ಮಿ.ಲೀ.: 12 ಗ್ರಾಂ
ಶೇಂಗಾ 25 ಗ್ರಾಂ: 6 ಗ್ರಾಂ
ಪುಟಾಣಿ 20 ಗ್ರಾಂ: 4 ಗ್ರಾಂ
ಮೊಟ್ಟೆ 2, ಅಥವಾ ಸಸ್ಯಾಹಾರಿಗಳು ಒಣ ಸೋಯಾ ತುಣುಕು 25 ಗ್ರಾಂ: 12 ಗ್ರಾಂ
ಒಟ್ಟು: ಸುಮಾರು 60 ಗ್ರಾಂ

ಅನುಸರಿಸಬೇಕಾದ ಇತರೆ ಅಂಶಗಳು:

1) ಊಟದಲ್ಲಿ ಮೊದಲು ಕಾಳು, ಬೇಳೆ, ಮೊಟ್ಟೆ, ನಂತರ ಮೆಂತೆ, ಪುಂಡಿ, ರಾಜಗಿರಿಯಂತಹ ಪಲ್ಯ, ಕೊನೆಗೆ ರೊಟ್ಟಿ ಅಥವಾ ಅನ್ನ ಎಂಬ ಕ್ರಮವನ್ನು ಇಟ್ಟುಕೊಳ್ಳಬೇಕು. ಕಡಕ್ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳುವಂತಿದ್ದರೆ ಬಿಸಿ ರೊಟ್ಟಿಯನ್ನು ಚಿಕ್ಕ ತುಣುಕು ಮಾಡಿ ಚೆನ್ನಾಗಿ ಅಗಿದು ತಿನ್ನಬೇಕು.

2) ಚುರುಮುರಿ, ಭಜಿ, ಬಿಸ್ಕತ್ತು, ಖಾರಾ, ಸಜ್ಜಕದಂತಹ ಪದಾರ್ಥಗಳು ಚಿಕ್ಕದಾದ ಜಠರದಲ್ಲಿಯೂ ತಡೆಯಿಲ್ಲದೆ ಇಳಿಯುತ್ತವೆ. ಹೊಟ್ಟೆ ತುಂಬಿದ ಅನುಭವ ನೀಡದೆ ಹೆಚ್ಚಿನ ಶಕ್ತಿಯನ್ನು ಸೇರಿಸುತ್ತವೆ. ತೂಕ ಮರಳಿದವರು ಮೊದಲು ಪರಿಶೀಲಿಸಬೇಕಾದುದು ಇವುಗಳನ್ನೇ.

3) ಚಹಾದಲ್ಲಿನ ಸಕ್ಕರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಿನಕ್ಕೆ ಐದು ಕಪ್ಪು ಚಹಾ, ಪ್ರತಿ ಕಪ್ಪಿಗೆ ಎರಡು ಚಮಚ ಎಂದರೆ ಸುಮಾರು 50 ಗ್ರಾಂ ಸಕ್ಕರೆ, ಅಂದರೆ 200 ಕ್ಯಾಲೊರಿ ಆಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯು ದಿನಕ್ಕೆ 25 ಗ್ರಾಂ ಮಿತಿಯನ್ನು ಸೂಚಿಸುತ್ತದೆ. ಬೆಲ್ಲವನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು.

4) ಊಟದ ಜೊತೆ ನೀರು ಕುಡಿಯದೆ, ಊಟವಾಗಿ ಅರ್ಧ ಗಂಟೆಯ ನಂತರ ಕುಡಿಯಬೇಕು. ಬಾಯಾರಿಕೆಗೆ ನೀರು ಅಥವಾ ಉಪ್ಪು ಕಡಿಮೆ ಇರುವ ಮಜ್ಜಿಗೆ ಸೂಕ್ತ.

5) ಶ್ರಾವಣ ಸೋಮವಾರ, ಏಕಾದಶಿ ಮುಂತಾದ ಉಪವಾಸಗಳಲ್ಲಿ ದಿನವಿಡೀ ಹಸಿದಿದ್ದು ರಾತ್ರಿ ಸಾಬುದಾಣಿ, ಆಲೂಗಡ್ಡೆ, ಸಿಹಿಗಳನ್ನು ಒಮ್ಮೆಲೇ ತಿನ್ನುವುದು ಇಂತಹವರಿಗೆ ಹಾನಿಕರ. ಉಪವಾಸ ಮಾಡಲೇಬೇಕೆಂದಿರುವವರು ಹಾಲು, ಮೊಸರು, ಶೇಂಗಾ ಮತ್ತು ಹಣ್ಣುಗಳನ್ನು ಸಮಯಕ್ಕೆ ಸರಿಯಾಗಿ ಸೇವಿಸಬೇಕು. ಪಂಚಮಿಯ ಉಂಡಿ, ಹಬ್ಬದ ಹೋಳಿಗೆ, ಮಾದಲಿಗಳನ್ನು ಪೂರ್ಣವಾಗಿ ತ್ಯಜಿಸಬೇಕಿಲ್ಲ. ಹಬ್ಬದ ದಿನ ಊಟದ ನಂತರ ಒಂದು ಚಿಕ್ಕ ಭಾಗ ತಿಂದು, ಡಬ್ಬಿಯಲ್ಲಿ ಉಳಿದುದನ್ನು ವಾರಗಟ್ಟಲೆ ತಿನ್ನುವುದನ್ನು ತಪ್ಪಿಸಿದರೆ ಸಾಕು.

6) ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಪದ್ಧತಿಯಲ್ಲಿ ಮಹಿಳೆಯ ಪಾಲಿಗೆ ಕಾಳು ಪಲ್ಯ ಮುಗಿದು ಅನ್ನ ಮಾತ್ರ ಉಳಿಯುವ ಸಂಭವವಿರುತ್ತದೆ. ಆಕೆಯ ಪಾಲನ್ನು ಮೊದಲೇ ತೆಗೆದಿಡುವುದು ಕುಟುಂಬದವರ ಕರ್ತವ್ಯ.

8. ದೈಹಿಕ ಚಟುವಟಿಕೆ

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆ ಹಾಗೂ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಸೂಚಿಸುತ್ತದೆ. ಹೊಲದಲ್ಲಿ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಶ್ರಮದ ಕೆಲಸಗಳೇ ಆದರೂ ಅವು ಹಂಗಾಮಿಗೆ ಸೀಮಿತ. ಹಂಗಾಮು ಮುಗಿದ ಮೇಲೆ ಚಟುವಟಿಕೆ ಕುಗ್ಗಿ ಊಟದ ಪ್ರಮಾಣ ಹಾಗೆಯೇ ಉಳಿದರೆ ತೂಕ ಏರುತ್ತದೆ.

ಉಪಕರಣಗಳಿಲ್ಲದೆ ಮನೆಯಲ್ಲಿಯೇ ಮಾಡಬಹುದಾದ ವ್ಯಾಯಾಮಗಳು: ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಎದ್ದು ಕೂರುವುದು, ಗೋಡೆಗೆ ಅಂಗೈ ಊರಿ ತಳ್ಳುವುದು, ನೀರು ತುಂಬಿದ ಒಂದು ಲೀಟರ್ ಬಾಟಲಿಗಳನ್ನು ಎರಡೂ ಕೈಗಳಲ್ಲಿ ಹಿಡಿದು ಮೇಲೆತ್ತುವುದು, ಗೋಡೆಯ ಆಸರೆಯಲ್ಲಿ ಒಂಟಿ ಕಾಲಿನ ಮೇಲೆ ನಿಲ್ಲುವುದು. ಇವು ಸ್ನಾಯುವಿನೊಡನೆ ಮೂಳೆಯನ್ನೂ ಗಟ್ಟಿಗೊಳಿಸಿ, ಬೀಳುವ ಸಂಭವವನ್ನು ಕಡಿಮೆ ಮಾಡುತ್ತವೆ. ಈಗಾಗಲೇ ಮೂಳೆ ಸವೆತ ಇರುವವರು ಮುಂದಕ್ಕೆ ಬಾಗಿ ಭಾರ ಎತ್ತಬಾರದು.

9. ಮೂಳೆ ಹಾಗೂ ಪೋಷಕಾಂಶಗಳ ರಕ್ಷಣೆ

ಈಸ್ಟ್ರೋಜನ್ ಇಳಿಕೆಯಿಂದ ಮೂಳೆ ಸವೆಯುತ್ತದೆ. ಬೈಪಾಸ್ ಆದವರಲ್ಲಿ ಕ್ಯಾಲ್ಸಿಯಂ ಹೀರುವಿಕೆಯೂ ಕಡಿಮೆಯಿರುವುದರಿಂದ ಮೂಳೆ ಮುರಿತದ ಅಪಾಯ ಇಮ್ಮಡಿ ಕಾರಣಗಳಿಂದ ಹೆಚ್ಚುತ್ತದೆ. ತೂಕ ಮರಳಿತೆಂದು ಬೇಸರಗೊಂಡು ಮಾತ್ರೆಗಳನ್ನು ನಿಲ್ಲಿಸುವುದು ಅತ್ಯಂತ ಅಪಾಯಕಾರಿ. ಈ ಮಾತ್ರೆಗಳು ತೂಕಕ್ಕಾಗಿ ನೀಡಿದವುಗಳಲ್ಲ. ಅವು ಜೀವನಪರ್ಯಂತ ಅವಶ್ಯಕ.

ಅ) ಕ್ಯಾಲ್ಸಿಯಂ: ಆಹಾರವೂ ಸೇರಿ ದಿನಕ್ಕೆ 1200ರಿಂದ 1500 ಮಿ.ಗ್ರಾಂ. ಒಮ್ಮೆಗೆ 500-600 ಮಿ.ಗ್ರಾಂ ಮೀರದಂತೆ ಹಂಚಿ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ ಸಿಟ್ರೇಟ್ ರೂಪವು ಸೂಕ್ತ. ರಾಗಿ, ಎಳ್ಳು, ಹಾಲು ಉತ್ತಮ ಆಹಾರ ಮೂಲಗಳು.

ಆ) ಡಿ ಜೀವಸತ್ವ: ರಕ್ತ ಪರೀಕ್ಷೆಯ ಆಧಾರದ ಮೇಲೆ ವೈದ್ಯರು ಪ್ರಮಾಣವನ್ನು ನಿರ್ಧರಿಸುತ್ತಾರೆ.

ಇ) ಬಿ-12: ಪ್ರತಿದಿನ ಮಾತ್ರೆ ಅಥವಾ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಚುಚ್ಚುಮದ್ದು. ಸಸ್ಯಾಹಾರಿಗಳಿಗೆ ಇದು ವಿಶೇಷವಾಗಿ ಅವಶ್ಯಕ.

ಈ) ಕಬ್ಬಿಣ: ಮುಟ್ಟು ನಿಂತ ಮೇಲೆ ಅವಶ್ಯಕತೆ ಕಡಿಮೆಯಾದರೂ ಪರೀಕ್ಷೆ ಇಲ್ಲದೆ ನಿಲ್ಲಿಸಬಾರದು. ಕ್ಯಾಲ್ಸಿಯಂ ಮಾತ್ರೆ ಹಾಗೂ ಚಹಾದಿಂದ ಎರಡು ಗಂಟೆಗಳ ಅಂತರವಿರಲಿ.

ವರ್ಷಕ್ಕೊಮ್ಮೆ ರಕ್ತದ ಹಿಮೋಗ್ಲೋಬಿನ್, ಫೆರಿಟಿನ್, ಬಿ-12, ಡಿ ಜೀವಸತ್ವ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನು, ಥೈರಾಯ್ಡ್, ಸಕ್ಕರೆ, ಕೊಬ್ಬಿನಂಶ, ಯಕೃತ್ತು ಹಾಗೂ ಮೂತ್ರಪಿಂಡದ ಪರೀಕ್ಷೆಗಳನ್ನು ಮಾಡಿಸುವುದು ಸೂಕ್ತ. ಮೂಳೆಯ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಪರೀಕ್ಷೆಯ ಅವಶ್ಯಕತೆಯನ್ನು ವೈದ್ಯರೊಡನೆ ಚರ್ಚಿಸಬೇಕು.

ಈ ವಯಸ್ಸಿನ ಮಂಡಿನೋವು, ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬಾರದು. ಬೈಪಾಸ್ ಆದವರಲ್ಲಿ ಇವು ಜೋಡಣೆಯ ಸ್ಥಳದಲ್ಲಿ ಹುಣ್ಣು ಮತ್ತು ರಕ್ತಸ್ರಾವವನ್ನು ಉಂಟುಮಾಡುತ್ತವೆ. ತಂಬಾಕು, ಗುಟಕಾ ಮತ್ತು ಹಲ್ಲುಜ್ಜುವ ತಂಬಾಕು ಪುಡಿಯನ್ನು ಸಂಪೂರ್ಣವಾಗಿ ಬಿಡತಕ್ಕದ್ದು.

10. ಔಷಧ ಹಾಗೂ ಮರು ಶಸ್ತ್ರಚಿಕಿತ್ಸೆ

ಹಾರ್ಮೋನು ಚಿಕಿತ್ಸೆ: ತೀವ್ರವಾದ ಬಿಸಿಯೇರಿಕೆ, ನಿದ್ರಾಹೀನತೆ ಮತ್ತು ಮೂಳೆ ಸವೆತಕ್ಕೆ ಇದು ಪರಿಣಾಮಕಾರಿ. ಇದು ತೂಕ ಇಳಿಸುವ ಔಷಧವಲ್ಲ. ಬೈಪಾಸ್ ಆದವರಲ್ಲಿ ಮಾತ್ರೆಗಳ ಹೀರುವಿಕೆ ಅನಿಶ್ಚಿತವಾಗಿರುವುದರಿಂದ ಹಾಗೂ ಅಧಿಕ ತೂಕದವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಚರ್ಮದ ಮೇಲೆ ಬಳಸುವ ಪಟ್ಟಿ ಅಥವಾ ಜೆಲ್ ರೂಪಕ್ಕೆ ಆದ್ಯತೆ ನೀಡಲಾಗುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಸಾಮಾನ್ಯವಾಗಿ ನೀಡಲಾಗುವುದಿಲ್ಲ.

ತೂಕ ಇಳಿಸುವ ಔಷಧಗಳು: ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಹಾಗೂ ತೂಕ ಇಳಿಕೆಗಾಗಿನ ಸೆಮಾಗ್ಲುಟೈಡ್ 2025ರ ಜೂನ್‌ನಲ್ಲಿ ಭಾರತದಲ್ಲಿ ಚುಚ್ಚುಮದ್ದಿನ ರೂಪದಲ್ಲಿ ಮಾರುಕಟ್ಟೆಗೆ ಬಂದವು. ಶಸ್ತ್ರಚಿಕಿತ್ಸೆಯ ನಂತರ ಮರಳಿದ ತೂಕಕ್ಕೂ ತಜ್ಞರು ಇವುಗಳನ್ನು ಬಳಸುತ್ತಿದ್ದಾರೆ. ಆದರೆ ನಿಲ್ಲಿಸಿದ ಮೇಲೆ ತೂಕ ಮರಳುವುದು, ಸ್ನಾಯು ಕುಗ್ಗುವುದು, ವಾಂತಿ ಮುಂತಾದ ತೊಂದರೆಗಳಿರುವುದರಿಂದ ಹಾಗೂ ವೆಚ್ಚವು ದೀರ್ಘಕಾಲದ್ದಾಗಿರುವುದರಿಂದ ತಜ್ಞ ವೈದ್ಯರ ಚೀಟಿ ಇಲ್ಲದೆ ಖರೀದಿಸಬಾರದು. ಜಾಹೀರಾತುಗಳಲ್ಲಿ ಬರುವ ಪುಡಿ, ಕಷಾಯಗಳಿಂದ ದೂರವಿರುವುದು ಕ್ಷೇಮ.

ಮರು ಶಸ್ತ್ರಚಿಕಿತ್ಸೆ: ಪರೀಕ್ಷೆಯಲ್ಲಿ ರಚನೆಯ ದೋಷ ಕಂಡುಬಂದಾಗ ಅಥವಾ ತೀವ್ರ ಆಮ್ಲ ಹಿಮ್ಮುಖ ಹರಿವು ಇದ್ದಾಗ ಪರಿಗಣಿಸಲಾಗುತ್ತದೆ. ಮೊದಲನೆಯದಕ್ಕಿಂತ ಇದರಲ್ಲಿ ಅಪಾಯ ಹೆಚ್ಚು. ಆಹಾರ, ವ್ಯಾಯಾಮ, ಔಷಧಗಳನ್ನು ಕ್ರಮಬದ್ಧವಾಗಿ ಪ್ರಯತ್ನಿಸಿದ ನಂತರವೇ ತೀರ್ಮಾನಿಸುವುದು ಸೂಕ್ತ.

11. ಚಿಕಿತ್ಸೆ ದೊರೆಯುವ ಸ್ಥಳ ಮತ್ತು ಆರ್ಥಿಕ ನೆರವು

ಪ್ರತಿಯೊಂದು ತಪಾಸಣೆಗೂ ದೂರದ ನಗರಕ್ಕೆ ಹೋಗಬೇಕಾಗಿಲ್ಲ. ತೂಕ, ರಕ್ತದೊತ್ತಡ, ಸಕ್ಕರೆ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಗಳಿಗೆ ಸಮೀಪದ ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಮುಂದಿನ ಪರೀಕ್ಷೆಗಳಿಗೆ ನರಗುಂದದ ತಾಲ್ಲೂಕು ಆಸ್ಪತ್ರೆ, ತಜ್ಞರ ಸಲಹೆಗೆ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಅಥವಾ ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಪರಿಚಿತವಾದ ಸರ್ಕಾರಿ ವೈದ್ಯಕೀಯ ಸಂಸ್ಥೆಗೆ ಹೋಗಬಹುದಾಗಿದೆ.

ಜೊತೆಯಲ್ಲಿ ಒಯ್ಯಬೇಕಾದ ದಾಖಲೆಗಳು: ಶಸ್ತ್ರಚಿಕಿತ್ಸೆಯ ವಿಧಾನ ಮತ್ತು ದಿನಾಂಕವಿರುವ ಬಿಡುಗಡೆ ಪತ್ರ, ತೂಕದ ಪುಸ್ತಕ, ಈಗ ಸೇವಿಸುತ್ತಿರುವ ಔಷಧಗಳ ಪಟ್ಟಿ, ಹಿಂದಿನ ರಕ್ತ ಪರೀಕ್ಷೆಗಳು, ಕೊನೆಯ ಮುಟ್ಟಿನ ದಿನಾಂಕ. ಬಿಡುಗಡೆ ಪತ್ರ ಕಳೆದುಹೋಗಿದ್ದಲ್ಲಿ ಶಸ್ತ್ರಚಿಕಿತ್ಸೆ ಆದ ಆಸ್ಪತ್ರೆಗೆ ಲಿಖಿತ ಮನವಿ ಸಲ್ಲಿಸಿ ಪ್ರತಿ ಪಡೆಯಲು ಪ್ರಯತ್ನಿಸಬೇಕು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯು 2018ರಲ್ಲಿ ಜಾರಿಗೆ ಬಂದಿದ್ದು, ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ನಿಗದಿತ ಚಿಕಿತ್ಸೆಗಳಿಗೆ ನೆರವು ದೊರೆಯುತ್ತದೆ. ಅವಶ್ಯವಿರುವ ಚಿಕಿತ್ಸೆಯು ಯೋಜನೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ದಾಖಲಾಗುವ ಮೊದಲೇ ತಿಳಿದುಕೊಳ್ಳತಕ್ಕದ್ದು. ಖಾಸಗಿ ವಿಮೆ ಇರುವವರು ಗಮನಿಸಬೇಕಾದ ಅಂಶವೆಂದರೆ, ವಿಮಾ ನಿಯಂತ್ರಣ ಪ್ರಾಧಿಕಾರವು ನಿಗದಿಪಡಿಸಿದ ಷರತ್ತಿನ ಒಕ್ಕಣೆಯಂತೆ ಬೊಜ್ಜಿನ ಶಸ್ತ್ರಚಿಕಿತ್ಸೆಯ ವೆಚ್ಚವು ವೈದ್ಯರ ಸಲಹೆಯ ಮೇರೆಗೆ, 18 ವರ್ಷ ಮೇಲ್ಪಟ್ಟವರಿಗೆ, ಬಿ.ಎಂ.ಐ. 40 ಅಥವಾ ಅದಕ್ಕಿಂತ ಹೆಚ್ಚು ಇದ್ದಾಗ, ಇಲ್ಲವೇ 35 ಅಥವಾ ಅದಕ್ಕಿಂತ ಹೆಚ್ಚು ಇದ್ದು ಹೃದ್ರೋಗ, ತೀವ್ರ ನಿದ್ರಾ ಉಸಿರುಗಟ್ಟುವಿಕೆ ಅಥವಾ ಹತೋಟಿಗೆ ಬಾರದ ಮಧುಮೇಹದಂತಹ ಗಂಭೀರ ತೊಂದರೆ ಇದ್ದಾಗ ಮಾತ್ರ ಪರಿಗಣಿತವಾಗುತ್ತದೆ. ಕಂಡಿಕೆ 5ರ ಉದಾಹರಣೆಯ ಮಹಿಳೆಯ ಎತ್ತರ 155 ಸೆಂ.ಮೀ. ಎಂದಿಟ್ಟುಕೊಂಡರೆ ಈಗಿನ ಬಿ.ಎಂ.ಐ. ಸುಮಾರು 33 ಆಗುತ್ತದೆ. ಆಕೆಯ ಮರು ಶಸ್ತ್ರಚಿಕಿತ್ಸೆಯು ತೂಕದ ಕಾರಣಕ್ಕಾಗಿ ಈ ಷರತ್ತಿನೊಳಗೆ ಬರುವುದಿಲ್ಲ. ಆದುದರಿಂದ ಹಣ ಹೊಂದಿಸುವ ಮೊದಲು ಪಾಲಿಸಿಯ ಷರತ್ತುಗಳನ್ನು ಓದಿ, ಲಿಖಿತ ಪೂರ್ವಾನುಮತಿ ಪಡೆಯುವುದು ಅವಶ್ಯ.

12. ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

1) ತೀವ್ರವಾದ, ಬಿಡದ ಹೊಟ್ಟೆನೋವು
2) ಒಂದು ದಿನಕ್ಕಿಂತ ಹೆಚ್ಚು ಕಾಲ ನಿಲ್ಲದ ವಾಂತಿ
3) ವಾಂತಿಯ ನಂತರ ನಡಿಗೆ ತಪ್ಪುವುದು, ಎರಡೆರಡಾಗಿ ಕಾಣುವುದು, ಗೊಂದಲ
4) ಕಪ್ಪು ಬಣ್ಣದ ಮಲ ಅಥವಾ ರಕ್ತವಾಂತಿ
5) ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು
6) ಬಿದ್ದ ನಂತರ ಸೊಂಟ, ಬೆನ್ನು ಅಥವಾ ಮಣಿಕಟ್ಟಿನ ತೀವ್ರ ನೋವು

ತುರ್ತು ವಾಹನಕ್ಕಾಗಿ 108ಕ್ಕೆ ಕರೆ ಮಾಡಬಹುದು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹತ್ತು ವರ್ಷದಿಂದ ತಪಾಸಣೆಗೆ ಹೋಗಿಲ್ಲ. ಈಗ ಹೋದರೆ ಪ್ರಯೋಜನವಿದೆಯೇ?
ಉತ್ತರ: ಇದೆ. ಪೋಷಕಾಂಶಗಳ ಕೊರತೆಯನ್ನು ಯಾವ ಹಂತದಲ್ಲಿಯೂ ಪತ್ತೆಹಚ್ಚಿ ಸರಿಪಡಿಸಲು ಪ್ರಯತ್ನಿಸಬಹುದು. ಬೇಗ ಹೋದಷ್ಟೂ ಉತ್ತಮ.

ಪ್ರಶ್ನೆ: ಮೊದಲಿನ ಅತಿ ಕಡಿಮೆ ತೂಕಕ್ಕೆ ಮತ್ತೆ ಬರಲೇಬೇಕೆ?
ಉತ್ತರ: ಅವಶ್ಯವಿಲ್ಲ. ಏರಿಕೆಯನ್ನು ನಿಲ್ಲಿಸುವುದು ಮೊದಲ ಗುರಿ. ಅನಂತರ ಈಗಿನ ತೂಕದ ಶೇ. 5ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ ಮತ್ತು ಮಂಡಿನೋವಿನಲ್ಲಿ ಸುಧಾರಣೆ ಕಾಣಬಹುದು.

ಪ್ರಶ್ನೆ: ಒಂದು ಹೊತ್ತಿನ ಊಟ ಬಿಟ್ಟರೆ ತೂಕ ಇಳಿಯುವುದಿಲ್ಲವೇ?
ಉತ್ತರ: ಚಿಕ್ಕ ಜಠರದವರು ಒಂದು ಊಟ ಬಿಟ್ಟರೆ ಅಂದಿನ ಪ್ರೋಟೀನನ್ನು ಉಳಿದ ಊಟಗಳಲ್ಲಿ ತುಂಬಿಸಿಕೊಳ್ಳುವುದು ಕಷ್ಟ. ಸ್ನಾಯು ಕರಗಿ, ಮುಂದೆ ತೂಕ ಇನ್ನಷ್ಟು ಸುಲಭವಾಗಿ ಏರುತ್ತದೆ.

ಪ್ರಶ್ನೆ: ತೂಕ ಏರಿದ್ದರಿಂದ ಯಾರೊಡನೆಯೂ ಬೆರೆಯಲು ಮನಸ್ಸಾಗುತ್ತಿಲ್ಲ. ಏನು ಮಾಡಬೇಕು?
ಉತ್ತರ: ಎರಡು ವಾರಕ್ಕೂ ಮೇಲ್ಪಟ್ಟು ಬೇಸರ, ಅಳು, ನಿರಾಸಕ್ತಿ ಇದ್ದಲ್ಲಿ ಅದು ಚಿಕಿತ್ಸೆಗೆ ಒಳಪಡುವ ಖಿನ್ನತೆಯಾಗಿರಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದಾಗಿದೆ.

14. ಮುಕ್ತಾಯ

ತೂಕ ಇಳಿಕೆಯ ಶಸ್ತ್ರಚಿಕಿತ್ಸೆಯು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಅದು ಜೀವನಪರ್ಯಂತದ ಆರೈಕೆಯ ಆರಂಭ. ಋತುಬಂಧದ ಕೆಲವು ವರ್ಷಗಳು ಆ ಆರೈಕೆಯಲ್ಲಿ ಹೆಚ್ಚಿನ ಎಚ್ಚರಿಕೆಯನ್ನು ಬೇಡುವ ಅವಧಿಯಾಗಿವೆ. ತೂಕ ಮರಳಿದ ಮಹಿಳೆಯನ್ನು ಕುಟುಂಬದವರು ದೂರದೆ, ವರ್ಷಕ್ಕೊಮ್ಮೆ ಆಕೆಯೊಡನೆ ಆಸ್ಪತ್ರೆಗೆ ಹೋಗಿಬರುವುದು ಹಾಗೂ ಮಾತ್ರೆಗಳು ತಪ್ಪದಂತೆ ನೋಡಿಕೊಳ್ಳುವುದು ಅವರು ನೀಡಬಹುದಾದ ಅತಿ ದೊಡ್ಡ ಸಹಾಯವಾಗಿದೆ.

ವಿಶೇಷ ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ನೀಡಲಾಗಿದೆ. ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ. ಔಷಧಗಳನ್ನು ಆರಂಭಿಸುವ, ಬದಲಿಸುವ ಅಥವಾ ನಿಲ್ಲಿಸುವ ಮೊದಲು ನೋಂದಾಯಿತ ವೈದ್ಯರನ್ನು ಸಂಪರ್ಕಿಸತಕ್ಕದ್ದು.